ಓಡಿಸುವ ಖುಷಿಗೊಂದು ಕಾರು

ಪಿಕಪ್ ಚೆನ್ನಾಗಿರುವ, ಓಡಿಸಿದರೆ ಮನಸ್ಸು ಅರಳುವ ಕಾರೊಂದನ್ನು ಕೊಳ್ಳುವ ಆಸೆ ಅನೇಕರದು. ಬ್ರೋಶರಿನ ಅಂಕಿಗಳನ್ನು ಹೇಗೆ ಓದಬೇಕು, ಟೆಸ್ಟ್ ಡ್ರೈವ್‌ನಲ್ಲಿ ಏನು ನೋಡಬೇಕು, ಹಣವನ್ನು ಎಲ್ಲಿ ಹಾಕಬೇಕು?

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನ ಮಗ ಫೋನ್ ಮಾಡಿದ. ವೈಟ್‌ಫೀಲ್ಡಿನಲ್ಲಿ ಕೆಲಸ. ಐದು ವರ್ಷದ ಉಳಿತಾಯ ಕೈಯಲ್ಲಿತ್ತು, ಸಾಲಕ್ಕೆ ಬ್ಯಾಂಕೂ ಒಪ್ಪಿತ್ತು.

‘ಮಾವ, ಒಂದೊಳ್ಳೆ ಪಿಕಪ್ ಇರೋ ಗಾಡಿ ತಗೋಬೇಕು. ಓಡ್ಸಿದ್ರೆ ಖುಷಿ ಆಗ್ಬೇಕು. ಯಾವ್ದು ತಗೊಳ್ಲಿ?’

ಮೂರು ಕಾರುಗಳ ಪಟ್ಟಿಯನ್ನೂ ಕಳಿಸಿದ್ದ. ಪ್ರತಿಯೊಂದರ ಮುಂದೆ ಎಷ್ಟು ಅಶ್ವಶಕ್ತಿ, ಸೊನ್ನೆಯಿಂದ ನೂರು ಕಿಲೋಮೀಟರ್ ವೇಗಕ್ಕೆ ಎಷ್ಟು ಸೆಕೆಂಡ್ ಎಂದು ಅಚ್ಚುಕಟ್ಟಾಗಿ ಬರೆದಿದ್ದ. ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಎಲ್ಲಿ ಓಡಿಸ್ತೀಯೋ ಇದನ್ನ?’

ಸ್ವಲ್ಪ ಹೊತ್ತು ಯೋಚಿಸಿ ಹೇಳಿದ: ‘ವಾರದಲ್ಲಿ ಐದು ದಿನ ಇಲ್ಲೇ ಟ್ರಾಫಿಕ್ಕಲ್ಲಿ. ತಿಂಗಳಿಗೆ ಎರಡು ಸಲ ಮೂಡಿಗೆರೆಗೆ, ಅಮ್ಮನ ನೋಡೋಕೆ. ಆಗಾಗ ಚಾರ್ಮಾಡಿ ಇಳಿದು ಧರ್ಮಸ್ಥಳ.’

ಅವನು ಕೊಳ್ಳಬೇಕಾದ ಕಾರಿನ ಅರ್ಧ ವಿವರಣೆ ಆ ಉತ್ತರದಲ್ಲೇ ಇತ್ತು. ಖುಷಿಯ ಕಾರಿನ ಲೆಕ್ಕ ಶುರುವಾಗಬೇಕಾದ್ದು ನಾವು ದಿನವೂ ತುಳಿಯುವ ರಸ್ತೆಯಿಂದ. ಕಾರಿನಲ್ಲಿರುವ ಸಾಮರ್ಥ್ಯದಲ್ಲಿ ಎಷ್ಟನ್ನು ನಾವು ನಿಜವಾಗಿ ಬಳಸಬಲ್ಲೆವೋ ಅಷ್ಟೇ ನಮ್ಮದು. ಉಳಿದದ್ದಕ್ಕೂ ಕಂತು ಕಟ್ಟುತ್ತೇವೆ, ಆದರೆ ಅದರ ರುಚಿ ನೋಡುವುದಿಲ್ಲ.

ಶಕ್ತಿ ಎಷ್ಟು, ಎಲ್ಲಿ ಸಿಗುತ್ತದೆ?

ಬ್ರೋಶರಿನಲ್ಲಿ ಎರಡು ಅಂಕಿ ಎದ್ದು ಕಾಣುತ್ತವೆ. ಒಂದು ಅಶ್ವಶಕ್ತಿ, ಇನ್ನೊಂದು ಟಾರ್ಕ್. ಪಂಕ್ಚರ್ ಆದಾಗ ವೀಲ್ ಸ್ಪ್ಯಾನರ್ ಹಿಡಿದು ನಟ್ಟು ಬಿಚ್ಚಿದವರಿಗೆ ಟಾರ್ಕ್ ಅಂದರೇನೆಂದು ಕೈಯೇ ಹೇಳುತ್ತದೆ: ಅದು ತಿರುಗಿಸುವ ಬಲ. ಆ ಬಲವನ್ನು ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತಿನ ವೇಗದಲ್ಲಿ ಕೊಡುತ್ತದೆ ಎಂಬುದನ್ನು ಸೇರಿಸಿದರೆ ಅಶ್ವಶಕ್ತಿ. ನ್ಯೂಟನ್ ಮೀಟರ್ (ಎನ್‌ಎಂ) ಲೆಕ್ಕದ ಟಾರ್ಕ್ ಅನ್ನು ಆ ಸುತ್ತಿನ ಸಂಖ್ಯೆಯಿಂದ (ಆರ್‌ಪಿಎಂ) ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. ಒಂದು ಕಿಲೋವ್ಯಾಟ್ ಎಂದರೆ ಸುಮಾರು 1.36 ಅಶ್ವಶಕ್ತಿ.

ಎರಡು ಕಾರುಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಫೋಕ್ಸ್‌ವ್ಯಾಗನ್ ವರ್ಟಸ್‌ನ 1.5 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ 150 ಅಶ್ವಶಕ್ತಿ, 250 ಎನ್‌ಎಂ ಟಾರ್ಕ್ ಕೊಡುತ್ತದೆ. ಹೋಂಡಾ ಸಿಟಿಯ 1.5 ಲೀಟರ್ ಪೆಟ್ರೋಲ್ ಎಂಜಿನ್‌ಗೆ ಟರ್ಬೊ ಇಲ್ಲ. 121 ಅಶ್ವಶಕ್ತಿ, 145 ಎನ್‌ಎಂ. ಗರಿಷ್ಠ ಶಕ್ತಿಯಲ್ಲಿ ವ್ಯತ್ಯಾಸ 29 ಅಷ್ಟೆ. ಆದರೆ ವರ್ಟಸ್‌ನ ಪೂರ್ತಿ ಟಾರ್ಕ್ 1,600 ಆರ್‌ಪಿಎಂನಲ್ಲೇ ಬಂದುಬಿಡುತ್ತದೆ, ಸಿಟಿಯದು 4,300ಕ್ಕೆ. 1,600 ಆರ್‌ಪಿಎಂನಲ್ಲಿ ಲೆಕ್ಕ ಹಾಕಿದರೆ ವರ್ಟಸ್ ಹತ್ತಿರ 57 ಅಶ್ವಶಕ್ತಿ ಇರುತ್ತದೆ, ಸಿಟಿಯದು 33 ದಾಟುವುದಿಲ್ಲ. ಲಾರಿಯೊಂದರ ಹಿಂದೆ ನಿಧಾನಕ್ಕೆ ಸಾಗುತ್ತಿದ್ದವನು ದಾರಿ ಸಿಕ್ಕಿತೆಂದು ಆಕ್ಸಿಲರೇಟರ್ ಒತ್ತಿದಾಗ ಬೆನ್ನಿಗೆ ತಾಗುವ ನೂಕು ಇದೇ. ಜನ ಪಿಕಪ್ ಎನ್ನುವುದೂ ಇದನ್ನೇ.

ಹಾಗೆಂದು ಟರ್ಬೊ ಇಲ್ಲದ ಎಂಜಿನ್ ಸಪ್ಪೆಯಲ್ಲ. ಗೇರು ಇಳಿಸಿ 6,000 ಆರ್‌ಪಿಎಂನತ್ತ ಎಳೆದಾಗ ಹೋಂಡಾ ಎಂಜಿನ್ ಹಾಡುವ ರೀತಿಗೆ ಮನಸೋತವರು ನಮ್ಮಲ್ಲಿ ಬಹಳ ಮಂದಿ. ಅಲ್ಲಿ ಶಕ್ತಿ ಕೇಳಿ ಪಡೆಯುವಂಥದ್ದು. ಕಾಲು, ಕೈ, ಕಿವಿ ಮೂರೂ ಎಚ್ಚರವಾಗಿರಬೇಕು. ಟರ್ಬೊದಲ್ಲಿ ಕೇಳುವ ಮೊದಲೇ ಕೊಟ್ಟಂತೆ. ನಿಮ್ಮ ಸ್ವಭಾವಕ್ಕೆ ಯಾವುದು ಹೊಂದುತ್ತದೆ ಎಂಬುದನ್ನು ಎರಡನ್ನೂ ಓಡಿಸಿಯೇ ತಿಳಿಯಬೇಕು.

ಬೆಂಗಳೂರಿನವರು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ಶೇ 10ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಉಸಿರೆಳೆಯುವುದು ಇದೇ ತೆಳು ಗಾಳಿಯನ್ನು, ಹಾಗಾಗಿ ಅದರ ಶಕ್ತಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಪಾಲು ಕಡಿತವಾಗುತ್ತದೆ. ಟರ್ಬೊ ತಾನೇ ಗಾಳಿಯನ್ನು ಅದುಮಿ ತುಂಬುವುದರಿಂದ ಈ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಘಾಟಿ ಇಳಿದು ಕರಾವಳಿ ಮುಟ್ಟಿದಾಗ ಹಳೆಯ ಕಾರು ಚುರುಕಾಯಿತು ಎಂದು ಅನ್ನಿಸಿದ್ದರೆ ಅದು ಬರೀ ಭ್ರಮೆಯಲ್ಲ.

ಹಗುರವಾಗಿದ್ದಷ್ಟೂ ಹಿತ

ಶಕ್ತಿಯ ಜೊತೆಗೆ ಕೇಳಬೇಕಾದ ಮುಂದಿನ ಪ್ರಶ್ನೆ ತೂಕದ್ದು. 1976ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಜರ್ಮನಿಯಲ್ಲಿ ಗಾಲ್ಫ್ ಜಿಟಿಐ ಎಂಬ ಪುಟ್ಟ ಕಾರನ್ನು ಮಾರುಕಟ್ಟೆಗೆ ಬಿಟ್ಟಿತು. ಮನೆಮಂದಿ ಓಡಾಡುವ ಸಾಮಾನ್ಯ ಗಾಲ್ಫ್‌ಗೆ 110 ಅಶ್ವಶಕ್ತಿಯ ಎಂಜಿನ್, ಸ್ವಲ್ಪ ಬಿಗಿಯಾದ ಸಸ್ಪೆನ್ಷನ್. ಅಷ್ಟೇ ಅದರ ಗುಟ್ಟು. ತೂಕ ಸುಮಾರು 810 ಕೆ.ಜಿ. ಐದು ಸಾವಿರ ಕಾರು ಮಾಡಿದರೆ ಸಾಕೆಂದು ಕಂಪನಿ ಅಂದುಕೊಂಡಿತ್ತು. ಆ ಮೊದಲ ಪೀಳಿಗೆಯೇ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ತರಕಾರಿಗೂ ಹೋಗಬಹುದು, ಬೆಟ್ಟದ ರಸ್ತೆಗೂ ಹೋಗಬಹುದು ಎಂಬ ಕಾರಿಗೆ ಜನ ಎಷ್ಟು ಕಾದಿದ್ದರೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

1989ರಲ್ಲಿ ಜಪಾನಿನ ಮಾಜ್ದಾ ಕಂಪನಿ ಷಿಕಾಗೊ ಪ್ರದರ್ಶನದಲ್ಲಿ ಎಂಎಕ್ಸ್-5 ಎಂಬ ಎರಡು ಸೀಟಿನ ಕಾರನ್ನು ತೋರಿಸಿತು. ತೂಕ ಒಂದು ಟನ್ನಿಗಿಂತ ಕಡಿಮೆ, ಎಂಜಿನ್ ಬರೀ 1.6 ಲೀಟರ್. ಅದನ್ನು ರೂಪಿಸಿದವರು ಮುಂದಿಟ್ಟುಕೊಂಡ ಮಾತು ‘ಜಿನ್‌ಬಾ ಇತ್ತಾಯ್’ - ಸವಾರನೂ ಕುದುರೆಯೂ ಒಂದೇ ಜೀವ ಎಂದು ಅರ್ಥ. ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಗಿ, ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಜಗತ್ತಿನಲ್ಲೇ ಮೊದಲ ಸ್ಥಾನ ಅದಕ್ಕೆ ಸಿಕ್ಕಿತು. ಅದಕ್ಕಿಂತ ವೇಗದ ಕಾರುಗಳು ನೂರಾರಿವೆ. ಅಷ್ಟು ಪ್ರೀತಿ ಗಳಿಸಿದವು ಕೆಲವೇ.

ಹಗುರವಾದ ಕಾರು ತಿರುವಿನಲ್ಲಿ ಬೇಗ ಮಾತು ಕೇಳುತ್ತದೆ, ಬ್ರೇಕಿಗೆ ಬೇಗ ನಿಲ್ಲುತ್ತದೆ, ಟೈರನ್ನೂ ಪೆಟ್ರೋಲನ್ನೂ ಕಡಿಮೆ ತಿನ್ನುತ್ತದೆ. ಹಾಗಾಗಿ ಅಶ್ವಶಕ್ತಿಯನ್ನು ಟನ್ನಿನ ಲೆಕ್ಕಕ್ಕೆ ಇಳಿಸಿ ನೋಡುವ ಅಭ್ಯಾಸ ಒಳ್ಳೆಯದು. ಟನ್ನಿಗೆ 100 ಅಶ್ವಶಕ್ತಿ ದಾಟಿದರೆ ನಮ್ಮ ರಸ್ತೆಗಳಲ್ಲಿ ಚುರುಕಾದ ಕಾರು ಎನ್ನಬಹುದು. 120ರ ಆಸುಪಾಸಿನಲ್ಲಿದ್ದರೆ ಹೆದ್ದಾರಿಯಲ್ಲಿ ಓವರ್‌ಟೇಕ್‌ಗೆ ಉಸಿರು ಬಿಗಿಹಿಡಿಯಬೇಕಿಲ್ಲ. ಅದಕ್ಕಿಂತ ಮೇಲಿನದನ್ನು ಪೂರ್ತಿ ಬಳಸಲು ಚಾರ್ಮಾಡಿಯಲ್ಲಿ ಜಾಗವಿಲ್ಲ, ಹೆದ್ದಾರಿಯಲ್ಲಿ ಕಾನೂನಿನ ಅನುಮತಿಯಿಲ್ಲ.

ನಿಲ್ಲಿಸುವುದೂ ಶಕ್ತಿಯೇ

ಕಾರು ಎಷ್ಟು ಬೇಗ ಓಡುತ್ತದೆ ಎಂದು ಕೇಳುವವರಲ್ಲಿ ಎಷ್ಟು ಬೇಗ ನಿಲ್ಲುತ್ತದೆ ಎಂದು ಕೇಳುವವರು ವಿರಳ. ಒಣ ರಸ್ತೆ, ಒಳ್ಳೆಯ ಟೈರು, ಚಾಲಕ ಅಪಾಯ ಕಂಡು ಬ್ರೇಕಿಗೆ ಕಾಲಿಡಲು ಒಂದು ಸೆಕೆಂಡ್ ಎಂದಿಟ್ಟುಕೊಳ್ಳಿ. 80 ಕಿ.ಮೀ. ವೇಗದಲ್ಲಿ ಪೂರ್ತಿ ನಿಲ್ಲಲು ಸುಮಾರು 53 ಮೀಟರ್ ಬೇಕು. 100ರಲ್ಲಿ 77 ಮೀಟರ್. 120ರಲ್ಲಿ 104 ಮೀಟರ್. ಕೊನೆಯ ಆ 20 ಕಿ.ಮೀ. ಹೆಚ್ಚಳಕ್ಕೆ ಕೊಡಬೇಕಾದ ಬೆಲೆ 27 ಮೀಟರ್. ಎರಡು ಕೆಎಸ್‌ಆರ್‌ಟಿಸಿ ಬಸ್ಸುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೂ ಅದಕ್ಕಿಂತ ಕಡಿಮೆ ಉದ್ದ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲಿನ ದೂರ ನಾಲ್ಕರಷ್ಟಾಗುತ್ತದೆ ಎಂಬ ಭೌತಶಾಸ್ತ್ರದ ಮಾತನ್ನು ಯಾವ ಕಂಪನಿಯೂ ಬದಲಿಸಲಾರದು.

ಆದ್ದರಿಂದ ನಾಲ್ಕೂ ಚಕ್ರಕ್ಕೆ ಡಿಸ್ಕ್ ಇದೆಯೇ, ಹಿಂದೆ ಡ್ರಮ್ ಇದೆಯೇ ನೋಡಿ. ಕಾರು ಜಾರತೊಡಗಿದಾಗ ತಾನೇ ಆಯಾ ಚಕ್ರಕ್ಕೆ ಬ್ರೇಕ್ ಹಾಕಿ ದಾರಿಗೆ ತರುವ ಸ್ಟೆಬಿಲಿಟಿ ಕಂಟ್ರೋಲ್, ಅಂದರೆ ಇಎಸ್‌ಸಿ, ಇರಲೇಬೇಕು. ಕ್ರ್ಯಾಶ್ ಟೆಸ್ಟ್ ಅಂಕವನ್ನೂ ನೋಡಿ. ವರ್ಟಸ್ ಮತ್ತು ಸ್ಕೋಡಾ ಸ್ಲಾವಿಯಾ 2023ರ ಗ್ಲೋಬಲ್ ಎನ್‌ಸಿಎಪಿ ಪರೀಕ್ಷೆಯಲ್ಲಿ ಐದು ಸ್ಟಾರ್ ಪಡೆದವು.

ಎಲ್ಲಕ್ಕಿಂತ ದೊಡ್ಡ ಮಾತು ಟೈರಿನದು. ಎಷ್ಟೇ ಶಕ್ತಿಯ ಕಾರಾದರೂ ರಸ್ತೆಯನ್ನು ಹಿಡಿದಿರುವುದು ಅಂಗೈ ಅಗಲದ ನಾಲ್ಕು ರಬ್ಬರ್ ತುಂಡುಗಳಿಂದ. ಟೈರಿನ ಪಕ್ಕೆಯ ಮೇಲೆ 205/55 ಆರ್16 ಎಂದಿದ್ದರೆ ಅಗಲ 205 ಮಿ.ಮೀ., ಪಕ್ಕೆಯ ಎತ್ತರ ಆ ಅಗಲದ ಶೇ 55, ರಿಮ್ 16 ಇಂಚು. ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ. 2224 ಎಂದಿದ್ದರೆ 2024ರ 22ನೇ ವಾರದಲ್ಲಿ ತಯಾರಾದದ್ದು. ದೊಡ್ಡ ರಿಮ್ಮು, ತೆಳು ಪಕ್ಕೆಯ ಟೈರು ನೋಡಲು ಸೊಗಸು. ಆದರೆ ಗುಂಡಿಯ ಅಂಚಿಗೆ ಬಡಿದರೆ ರಿಮ್ಮೇ ಮಣಿಯುತ್ತದೆ. ಮಲೆನಾಡಿನ ಕಡೆ ಓಡಾಡುವವರಿಗೆ 16 ಇಂಚಿನ ರಿಮ್ಮು, ಉತ್ತಮ ದರ್ಜೆಯ ಟೈರು ಎಂಬ ಜೋಡಿಗಿಂತ ಹಿತವಾದದ್ದು ಕಡಿಮೆ. ಕಾರಿನ ಮೇಲೆ ಹೆಚ್ಚುವರಿ ಖರ್ಚು ಮಾಡುವುದಿದ್ದರೆ ಮೊದಲ ರೂಪಾಯಿ ಟೈರಿಗೇ ಹೋಗಲಿ.

ಗೇರು ನಿಮ್ಮದೋ, ಗಾಡಿಯದೋ?

ಮ್ಯಾನುಯಲ್ ಗೇರಿನಲ್ಲಿ ಸಿಗುವ ಸಂಬಂಧವೇ ಬೇರೆ. ತಿರುವು ಸಮೀಪಿಸುವಾಗ ಮೂರರಿಂದ ಎರಡಕ್ಕೆ ಇಳಿಸಿ, ಕ್ಲಚ್ ಬಿಡುವ ಹೊತ್ತಿಗೆ ಆಕ್ಸಿಲರೇಟರ್ ಚೂರು ತಟ್ಟಿ, ಜರ್ಕ್ ಇಲ್ಲದೆ ಗೇರು ಕೂತಾಗ ಆಗುವ ಸಮಾಧಾನವನ್ನು ಅನುಭವಿಸಿದವರೇ ಬಲ್ಲರು. ಡ್ಯುಯಲ್ ಕ್ಲಚ್ ಆಟೊಮ್ಯಾಟಿಕ್ ವೇಗದಲ್ಲಿ ಮ್ಯಾನುಯಲ್‌ ಅನ್ನು ಸೋಲಿಸುತ್ತದೆ. ಒಂದು ಕ್ಲಚ್ ಈಗಿನ ಗೇರನ್ನು ಹಿಡಿದಿರುವಾಗಲೇ ಇನ್ನೊಂದು ಮುಂದಿನದನ್ನು ಸಿದ್ಧವಿಟ್ಟಿರುತ್ತದೆ. ಹಾಗಾಗಿ ಗೇರು ಬಿದ್ದದ್ದೇ ತಿಳಿಯುವುದಿಲ್ಲ.

ಆದರೆ ಡ್ಯುಯಲ್ ಕ್ಲಚ್‌ನಲ್ಲಿ ಎರಡು ಬಗೆ. ಎಣ್ಣೆಯಲ್ಲಿ ಮುಳುಗಿರುವ ವೆಟ್ ಕ್ಲಚ್ ಬಿಸಿಯನ್ನು ತಡೆದುಕೊಳ್ಳುತ್ತದೆ. ಡ್ರೈ ಕ್ಲಚ್ ಸಿಲ್ಕ್ ಬೋರ್ಡ್‌ನಂಥ ಕಡೆ ಇಂಚಿಂಚು ತೆವಳುವಾಗ ಬೇಗ ಕಾಯುತ್ತದೆ. ಡ್ರೈ ಕ್ಲಚ್ ಗಾಡಿ ಕೊಂಡವರು ಜಾಮ್‌ನಲ್ಲಿ ಅರೆಬರೆ ತೆವಳದೆ, ಮುಂದೆ ಸ್ವಲ್ಪ ಜಾಗವಾಗಲು ಬಿಟ್ಟು ಒಮ್ಮೆಲೆ ಸಾಗುವುದನ್ನು ರೂಢಿಸಿಕೊಳ್ಳಬೇಕು. ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್‌ನಲ್ಲೇ ಕಾರನ್ನು ಹಿಡಿದು ನಿಲ್ಲಿಸಬಾರದು. ದಿನಕ್ಕೆ ಎರಡು ಗಂಟೆ ಟ್ರಾಫಿಕ್‌ನಲ್ಲಿ ಕಳೆಯುವವರು ಮ್ಯಾನುಯಲ್ ಕೊಂಡರೆ ವಾರಾಂತ್ಯದ ಹೊತ್ತಿಗೆ ಎಡಗಾಲು ನೋಯುತ್ತದೆ ಎಂಬುದೂ ಸತ್ಯವೇ.

ನಲವತ್ತು ನಿಮಿಷದ ಪರೀಕ್ಷೆ

ಅಕ್ಕನ ಮಗನ ಜೊತೆ ಶೋರೂಂಗೆ ಹೋದೆ. ಸೇಲ್ಸ್ ಹುಡುಗ ಉತ್ಸಾಹದಿಂದ ಕೀ ತಂದು, ‘ಸರ್, ಸ್ಪೋರ್ಟ್ ಮೋಡಲ್ಲಿ ಹಾಕಿ ಒಂದ್ಸಲ ಪೂರ್ತಿ ಒತ್ತಿ ನೋಡಿ’ ಎಂದ. ಅದನ್ನು ಕೊನೆಗಿಟ್ಟುಕೊಂಡೆವು. ಮೊದಲು ಕಾರನ್ನು ಸ್ಟಾರ್ಟ್ ಮಾಡದೆಯೇ ಕೂತು ನೋಡಿದೆವು. ಬೆನ್ನು ಪೂರ್ತಿ ಸೀಟಿಗೆ ಆನಿಸಿ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗ್‌ನ ನೆತ್ತಿಯ ಮೇಲೆ ಕೂರಬೇಕು. ಕ್ಲಚ್ ತಳಕ್ಕೆ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ಇಷ್ಟು ಹೊಂದದ ಕಾರು ಎಷ್ಟೇ ವೇಗದ್ದಾದರೂ ಎರಡು ಗಂಟೆ ಓಡಿಸುವಷ್ಟರಲ್ಲಿ ಬೇಸರ ತರಿಸುತ್ತದೆ.

ಆಮೇಲೆ ನಾಲ್ಕು ಜನ ಕೂತು ಹೊರಟೆವು. ಒಂಟಿಯಾಗಿ ಓಡಿಸಿದಾಗ ಚೆನ್ನಾಗಿದ್ದ ಕಾರು ನಾಲ್ವರ ಭಾರಕ್ಕೆ ಹೇಗಿರುತ್ತದೆ ಎಂಬುದು ತಿಳಿಯಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಮಾದರಿ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ನಮ್ಮ ಬಡಾವಣೆಗಳ ಹಂಪ್‌ಗಳು ಆ ಅಳತೆಯನ್ನು ಪಾಲಿಸುವುದು ಅಪರೂಪ. ವರ್ಟಸ್‌ನ ಗ್ರೌಂಡ್ ಕ್ಲಿಯರೆನ್ಸ್ 179 ಮಿ.ಮೀ., ಈಗಿನ ಗಾಲ್ಫ್ ಜಿಟಿಐಯದು 136. ಆ 43 ಮಿ.ಮೀ. ವ್ಯತ್ಯಾಸ ನಮ್ಮೂರ ಕಿರು ರಸ್ತೆಯಲ್ಲಿ ‘ಗರ್’ ಎಂಬ ಸದ್ದಾಗಿ ಕೇಳಿಸುತ್ತದೆ. ಅಕ್ಕನ ಮಗನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಇಳಿಜಾರಿಗೂ ಕಾರನ್ನು ಒಯ್ದು, ಇಳಿಸಿ ಹತ್ತಿಸಿದೆವು. ಸೇಲ್ಸ್ ಹುಡುಗ ತಾಳ್ಮೆಯಿಂದ ಜೊತೆಗಿದ್ದ.

ಕಿತ್ತುಹೋದ ರಸ್ತೆಯಲ್ಲಿ 40ರ ವೇಗ. ಅಲ್ಲಿ ಸಸ್ಪೆನ್ಷನ್ ಎಗರಿಸುತ್ತದೆಯೋ, ಒಮ್ಮೆ ಕುಗ್ಗಿ ಸುಮ್ಮನಾಗುತ್ತದೆಯೋ ಗಮನಿಸಿದೆವು. ಒಳ್ಳೆಯ ಸಸ್ಪೆನ್ಷನ್ ಒಂದೇ ಸಲ ಕುಗ್ಗಿ ಎದ್ದು ಅಲ್ಲಿಗೇ ನಿಲ್ಲುತ್ತದೆ. ಖಾಲಿ ಹೆದ್ದಾರಿಯಲ್ಲಿ ಮೂರನೇ ಗೇರಿನಲ್ಲಿ 40ರಿಂದ 80ಕ್ಕೆ ಹೋಗುವುದನ್ನು ನೋಡಿದೆವು. ನಿಜ ಜೀವನದಲ್ಲಿ ಬೇಕಾಗುವುದು ಈ ಅಂತರವೇ, ಸೊನ್ನೆಯಿಂದ ನೂರು ಬೇಕಾಗುವುದು ಅಪರೂಪ. ಹಿಂದೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು 60ರಿಂದ ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಕಾರು ನೇರ ನಿಂತಿತು. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನಡುವಿಗೆ ಬರುತ್ತದೆಯೇ, ಚಕ್ರದ ಕೆಳಗಿನ ಜಲ್ಲಿಯ ಸುದ್ದಿ ಬೆರಳಿಗೆ ತಲುಪುತ್ತದೆಯೇ ಎಂಬುದನ್ನು ಮ್ಯೂಸಿಕ್ ಆಫ್ ಮಾಡಿ ಗಮನಿಸಬೇಕು. ಇವೆಲ್ಲ ಆದ ಮೇಲೆ ಸ್ಪೋರ್ಟ್ ಮೋಡ್.

ಮರಳಿ ಬರುವಾಗ ಅವನು ಹೇಳಿದ ಮಾತು: ‘ಮಾವ, ಪಟ್ಟೀಲಿ ಮೊದಲನೇದಾಗಿ ಬರ್ದಿದ್ದೆನಲ್ಲ, ಅದರ ಸೀಟಲ್ಲಿ ನಂಗೆ ಕೂರೋಕೇ ಆಗ್ಲಿಲ್ಲ.’

ದುಡ್ಡಿನ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳು ಖುಷಿಯ ಕಾರು ಹುಡುಕುವವರಿಗೆ ಒಂದು ದಾರಿ ತೋರಿಸಿವೆ. 4 ಮೀಟರ್ ಒಳಗಿನ, 1,200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ಶೇ 18. ಅದಕ್ಕಿಂತ ದೊಡ್ಡದಕ್ಕೆ ಶೇ 40. ಹ್ಯುಂಡೈ ಐ20 ಎನ್ ಲೈನ್‌ನ ಒಂದು ಲೀಟರ್ ಟರ್ಬೊ 120 ಅಶ್ವಶಕ್ತಿ ಕೊಡುತ್ತದೆ. 2024ರಲ್ಲಿ ಬಂದ ಟಾಟಾ ಆಲ್ಟ್ರೋಜ್ ರೇಸರ್‌ನ 1.2 ಲೀಟರ್ ಟರ್ಬೊದ್ದೂ ಅಷ್ಟೇ. ಇವು ಕಡಿಮೆ ತೆರಿಗೆಯ ಸಾಲಿಗೆ ಸೇರುತ್ತವೆ. ನಾಲ್ಕೂವರೆ ಮೀಟರ್ ದಾಟಿದ ವರ್ಟಸ್, ಸ್ಲಾವಿಯಾ ಹೆಚ್ಚಿನ ತೆರಿಗೆಯ ಸಾಲಿನವು.

ಇದರ ಮೇಲೆ ರಾಜ್ಯದ ಜೀವಾವಧಿ ತೆರಿಗೆ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಪೆಟ್ರೋಲ್ ಕಾರಿಗೆ ಶೇ 17, 20 ಲಕ್ಷ ಮೀರಿದರೆ ಶೇ 18, ಆ ತೆರಿಗೆಯ ಮೇಲೆ ಸೆಸ್ ಬೇರೆ. 15 ಲಕ್ಷದ ಕಾರಿಗೆ ಬರೀ ಈ ತೆರಿಗೆಯೇ ಎರಡೂವರೆ ಲಕ್ಷ ದಾಟುತ್ತದೆ. 2025ರಲ್ಲಿ 52.99 ಲಕ್ಷಕ್ಕೆ ಬಂದ 265 ಅಶ್ವಶಕ್ತಿಯ ಗಾಲ್ಫ್ ಜಿಟಿಐಗೆ ಒಂಬತ್ತೂವರೆ ಲಕ್ಷಕ್ಕೂ ಹೆಚ್ಚು. ಹಾಗಾಗಿ ಶೋರೂಂ ಬೆಲೆಯನ್ನು ಮರೆತು ಆನ್‌ರೋಡ್ ಬೆಲೆಯನ್ನೇ ಹಿಡಿದು ಲೆಕ್ಕ ಹಾಕಿ. ಒಂದು ಜೊತೆ ಟೈರು, ಬ್ರೇಕ್ ಪ್ಯಾಡ್, ಕ್ಲಚ್ ಇವುಗಳ ಬೆಲೆಯನ್ನು ಕೊಳ್ಳುವ ಮೊದಲೇ ಸರ್ವಿಸ್ ಕೌಂಟರ್‌ನಲ್ಲಿ ಕೇಳಿ ಬರೆದುಕೊಳ್ಳಿ. ವಿಮೆಯಲ್ಲಿ ಝೀರೊ ಡೆಪ್ರಿಸಿಯೇಷನ್ ಸೇರಿಸುವುದು ಜಾಣತನ.

ಕೊಂಡ ತಿಂಗಳೊಳಗೆ ‘ಸ್ಟೇಜ್ 1’ ರೀಮ್ಯಾಪ್ ಮಾಡಿಸಿ 30 ಅಶ್ವಶಕ್ತಿ ಹೆಚ್ಚಿಸಿಕೊಳ್ಳುವ ಗೀಳು ಹುಡುಗರಲ್ಲಿದೆ. ಎಂಜಿನ್ ಕಂಪ್ಯೂಟರ್‌ನ ಲೆಕ್ಕಾಚಾರ ಬದಲಿಸಿದರೆ ವಾರಂಟಿ ಹೋಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ಕೊಟ್ಟ ಮೂಲ ವಿವರಗಳನ್ನು ಬದಲಿಸುವುದನ್ನು ತಡೆಯುತ್ತದೆ. ಅಪಘಾತವಾದಾಗ ವಿಮಾ ಕಂಪನಿಗೆ ಹಣ ನಿರಾಕರಿಸಲು ಅದೇ ಕಾರಣವಾಗಬಹುದು. ಇನ್ನಷ್ಟು ಶಕ್ತಿ ಬೇಕಿದ್ದರೆ ಅಷ್ಟು ಶಕ್ತಿ ಇರುವ ಕಾರನ್ನೇ ಕೊಳ್ಳಬೇಕು.

ಹಳೆಯದು ಹೊನ್ನೇ?

ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಒಳ್ಳೊಳ್ಳೆಯ ಗಾಡಿಗಳಿವೆ. 2013ರಿಂದ 2022ರವರೆಗೆ ಮಾರಾಟವಾದ ಪೋಲೊ ಜಿಟಿ ಇಂದಿಗೂ ಬೇಡಿಕೆ ಕಳೆದುಕೊಂಡಿಲ್ಲ. ಫೋರ್ಡ್, ಫಿಯಟ್ ಕಾರುಗಳ ಸ್ಟೀರಿಂಗ್‌ನ ಹಿಡಿತವನ್ನು ನೆನೆಯುವವರು ಈಗಲೂ ಇದ್ದಾರೆ. ಆದರೆ ಆ ಕಂಪನಿಗಳು ಇಲ್ಲಿ ಹೊಸ ಕಾರು ಮಾರುವುದನ್ನು ನಿಲ್ಲಿಸಿರುವುದರಿಂದ ಬಿಡಿಭಾಗದ ವಿಚಾರಣೆ ಮೊದಲು, ಮುಂಗಡ ಆಮೇಲೆ.

ಗ್ಯಾರೇಜ್ ಮೇಸ್ತ್ರಿಯೊಬ್ಬರು ಇಂಥ ಕಾರನ್ನು ಪರೀಕ್ಷಿಸುವುದನ್ನು ಒಮ್ಮೆ ಪಕ್ಕದಲ್ಲೇ ಕೂತು ನೋಡಿದ್ದೇನೆ. ಬೋನೆಟ್ ಎತ್ತುವ ಮುನ್ನ ಅವರು ಮಾಡಿದ ಮೊದಲ ಕೆಲಸ, ಮುಂದಿನ ಟೈರಿನ ಒಳಬದಿಗೆ ಅಂಗೈ ಸವರಿದ್ದು. ಹೊರಗೆ ಚೆನ್ನಾಗಿ ಕಾಣುತ್ತಿದ್ದ ಟೈರು ಒಳಬದಿಯಲ್ಲಿ ನುಣ್ಣಗೆ ಸವೆದಿತ್ತು. ‘ಗಾಡಿ ಎಲ್ಲೋ ಜೋರಾಗಿ ಬಡ್ಕೊಂಡಿದೆ ಸಾರ್, ಅಲೈನ್‌ಮೆಂಟ್ ಕೂರ್ತಿಲ್ಲ’ ಎಂದರು. ನಂತರ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿಸಿ ಸೈಲೆನ್ಸರ್ ಹಿಂದೆ ನಿಂತು ಹೊಗೆಯ ಬಣ್ಣ ನೋಡಿದರು. ನಾಲ್ಕೂ ಡೋರಿನ ರಬ್ಬರ್ ಬೀಡಿಂಗ್ ಸರಿಸಿ ವೆಲ್ಡಿಂಗ್ ಗುರುತು ಹುಡುಕಿದರು. ಕೊನೆಗೆ ಸ್ಕ್ಯಾನರ್ ಜೋಡಿಸಿದರು. ಅಷ್ಟರಲ್ಲಿ ಅವರ ತೀರ್ಪು ಸಿದ್ಧವಾಗಿತ್ತು: ಬೇಡ.

ಗಾಡಿಯನ್ನು ಯಾವತ್ತೂ ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಮಾರುವವರು ನೀವು ಹೋಗುವ ಮುನ್ನವೇ ಸ್ಟಾರ್ಟ್ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುವೆನೆಂದು ಹೇಳಿ. ಸರ್ವಿಸ್ ದಾಖಲೆಯನ್ನು ಕೇಳಿ ನೋಡಿ, ಆರ್‌ಸಿಯಲ್ಲಿ ಸಾಲದ ನಮೂದು, ಬಾಕಿ ದಂಡ ಇವನ್ನು ಪರಿವಾಹನ್ ಜಾಲತಾಣದಲ್ಲಿ ನೋಡಿಕೊಳ್ಳಿ. ಹೊರರಾಜ್ಯದ ಗಾಡಿ ಅಗ್ಗವೆಂದು ತಂದರೆ 12 ತಿಂಗಳಿಗಿಂತ ಹೆಚ್ಚು ಇಲ್ಲಿರಿಸಿಕೊಳ್ಳಲು ಮರುನೋಂದಣಿಯೂ ಇಲ್ಲಿನ ತೆರಿಗೆಯೂ ಬೇಕು. ಅದನ್ನು ಸೇರಿಸಿದ ಮೇಲೂ ಅಗ್ಗವೇ ಎಂದು ನೋಡಿ.

ವಿದ್ಯುತ್ ಕಾರಿನ ವಿಚಾರ

ಬರೀ ವೇಗವೇ ಗುರಿಯಾದರೆ ಉತ್ತರ ವಿದ್ಯುತ್ ಕಾರು. ಬಿವೈಡಿ ಸೀಲ್‌ನ ಶಕ್ತಿಶಾಲಿ ಆವೃತ್ತಿ 3.8 ಸೆಕೆಂಡಿನಲ್ಲಿ ನೂರು ಮುಟ್ಟುತ್ತದೆ. ಮಹೀಂದ್ರಾ ಬಿಇ 6ರ ದೊಡ್ಡ ಬ್ಯಾಟರಿಯ ಮಾದರಿಗೆ ಕಂಪನಿ ಹೇಳುವ ಅವಧಿ 6.7 ಸೆಕೆಂಡ್. ಮೋಟರಿಗೆ ಸೊನ್ನೆ ಸುತ್ತಿನಿಂದಲೇ ಪೂರ್ತಿ ಟಾರ್ಕ್ ಇರುತ್ತದೆ, ಗೇರು ಬದಲಿಸುವ ಬಿಡುವೂ ಇಲ್ಲ. ಜಿಎಸ್‌ಟಿ ಶೇ 5 ಮಾತ್ರ. ಬ್ಯಾಟರಿ ನೆಲದಲ್ಲೇ ಇರುವುದರಿಂದ ಭಾರ ಕೆಳಗಿದ್ದು, ತಿರುವಿನಲ್ಲಿ ಕಾರು ವಾಲುವುದೂ ಕಡಿಮೆ.

ಆದರೆ ತೂಕ. ಸೀಲ್‌ನ ಆ ಆವೃತ್ತಿ ಎರಡು ಟನ್ನಿಗಿಂತ ಭಾರ. ಘಾಟಿಯಲ್ಲಿ ಎಡಕ್ಕೆ ಬಲಕ್ಕೆ ತಿರುಗುವಾಗ ಆ ಭಾರ ಕೈಗೆ ಗೊತ್ತಾಗುತ್ತದೆ. ನಗರದಲ್ಲೇ ಹೆಚ್ಚು ಓಡಿಸುವ, ಮನೆಯಲ್ಲಿ ಚಾರ್ಜಿಂಗ್ ಇರುವ ಕುಟುಂಬಕ್ಕೆ ವಿದ್ಯುತ್ ಕಾರು ಖುಷಿಯನ್ನೂ ಉಳಿತಾಯವನ್ನೂ ಒಟ್ಟಿಗೆ ಕೊಡುತ್ತದೆ. ಎಂಜಿನ್ ಸದ್ದಿಗೆ ಗೇರು ಬದಲಿಸುವ ಸುಖ ಬೇಕೆನ್ನುವವರು ಪೆಟ್ರೋಲಿಗೇ ಹೋಗಬೇಕು.

ಓಡಿಸುವುದೆಲ್ಲಿ?

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿ 100 ಕಿ.ಮೀ., ಕ್ಯಾಮೆರಾಗಳು ಹಗಲಿರುಳು ಕಣ್ಣಿಟ್ಟಿವೆ. 130 ದಾಟಿದರೆ ಎಫ್‌ಐಆರ್ ದಾಖಲಿಸುವ ಕ್ರಮವನ್ನು ರಾಜ್ಯ ಪೊಲೀಸರು 2024ರ ಆಗಸ್ಟ್‌ನಿಂದ ಆರಂಭಿಸಿದರು. ಇದನ್ನು ಕಿರಿಕಿರಿ ಎಂದುಕೊಳ್ಳಬಾರದು. ಆ ರಸ್ತೆಯ ಎರಡೂ ಬದಿಗೆ ಊರುಗಳಿವೆ, ದಾಟುವ ಜನರಿದ್ದಾರೆ. ನಮ್ಮ ಖುಷಿಗೆ ಅವರ ಪ್ರಾಣ ಒತ್ತೆಯಾಗಬಾರದು.

ಪೂರ್ತಿ ಒತ್ತುವ ಆಸೆಗೆ ಬೇರೆ ಜಾಗಗಳಿವೆ. ಚೆನ್ನೈ ಸಮೀಪದ ಇರುಂಗಾಟ್ಟುಕೋಟೈ ಟ್ರ್ಯಾಕ್, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಎರಡೂ ಬೆಂಗಳೂರಿನಿಂದ ಒಂದು ದಿನದ ದಾರಿ. ಅಲ್ಲಿ ತಿರುವಿನ ಆಚೆಯಿಂದ ಎಮ್ಮೆ ಬರುವುದಿಲ್ಲ, ಬೈಕಿನ ಮೇಲೆ ಮೂವರು ಬರುವುದಿಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಗಳಲ್ಲಿ ರ‍್ಯಾಲಿಗಳು ನಡೆಯುತ್ತಲೇ ಬಂದಿವೆ. ನೋಡಲು ಹೋದರೂ ಕಲಿಯುವುದು ಬಹಳ. ಟ್ರ್ಯಾಕ್‌ನಲ್ಲಿ ಒಂದು ದಿನ ತರಬೇತಿ ಪಡೆದವರಿಗೆ ಬ್ರೇಕ್ ಎಷ್ಟು ಗಟ್ಟಿ ಹಿಡಿಯಬಹುದು, ಚಕ್ರ ಬಿಗಿದುಕೊಳ್ಳದಂತೆ ತಡೆಯುವ ಎಬಿಎಸ್ ಕೆಲಸ ಮಾಡುವಾಗ ಪೆಡಲ್ ಹೇಗೆ ನಡುಗುತ್ತದೆ, ತಿರುವಿಗೆ ಮುನ್ನವೇ ಏಕೆ ವೇಗ ಇಳಿಸಬೇಕು ಎಂಬುದು ಮೈಗೆ ಇಳಿಯುತ್ತದೆ. ಹತ್ತಾರು ವರ್ಷ ಕಾರು ಓಡಿಸಿದವರಲ್ಲೂ ಎಬಿಎಸ್‌ನ ಆ ನಡುಕವನ್ನು ಒಮ್ಮೆಯೂ ಕಾಲಲ್ಲಿ ಅನುಭವಿಸದವರು ಬಹಳ ಮಂದಿ. ಮೊದಲ ಸಲ ಅದು ಎದುರಾಗುವುದು ಅಪಘಾತದ ಕ್ಷಣದಲ್ಲಾದರೆ, ಗಾಬರಿಯಲ್ಲಿ ಕಾಲು ಬ್ರೇಕಿನಿಂದ ಮೇಲೇಳುತ್ತದೆ.

ಅಕ್ಕನ ಮಗ ಕೊನೆಗೆ ಕೊಂಡದ್ದು ಐ20 ಎನ್ ಲೈನ್, ಆರು ಗೇರಿನ ಮ್ಯಾನುಯಲ್. ಪಟ್ಟಿಯಲ್ಲಿ ಅದು ಮೂರನೆಯದಾಗಿತ್ತು. ಮೊದಲನೆಯದಕ್ಕೂ ಇದಕ್ಕೂ ಇದ್ದ ಬೆಲೆಯ ಅಂತರದಲ್ಲಿ ಸಾಲದ ಮೊತ್ತ ಇಳಿಯಿತು, ಟ್ರ್ಯಾಕ್‌ನಲ್ಲಿ ಒಂದು ದಿನದ ತರಬೇತಿಯ ಹಣವೂ ಹೊರಟಿತು. ಮೊನ್ನೆ ಮೂಡಿಗೆರೆಯಿಂದ ಅವನೊಂದಿಗೆ ಚಾರ್ಮಾಡಿ ಇಳಿದೆ. ಎಲ್ಲಿಯೂ ಅವಸರಪಡಲಿಲ್ಲ. ಪ್ರತಿ ತಿರುವಿಗೂ ಮುನ್ನ ಗೇರು ಇಳಿಸಿ, ಎಂಜಿನ್ ಬಲದಲ್ಲೇ ವೇಗ ತಗ್ಗಿಸಿ, ತಿರುವು ತೆರೆದುಕೊಂಡ ಮೇಲೆ ಹದವಾಗಿ ಒತ್ತಿದ. ಕೆಳಗಿಳಿಯುವಷ್ಟರಲ್ಲಿ ಬ್ರೇಕ್ ಸುಟ್ಟ ವಾಸನೆ ಒಂದು ಚೂರೂ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತಿದ್ದ ಅಕ್ಕ ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದಳು.

ಖುಷಿಯ ಕಾರು ಕೊಳ್ಳಲು ಹೊರಟಿರುವ ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಬುಕಿಂಗ್ ಹಣ ಕಟ್ಟುವ ಮುನ್ನ ಮನೆಯವರನ್ನೆಲ್ಲ ಕೂರಿಸಿಕೊಂಡು, ನೀವು ದಿನವೂ ಹೋಗುವ ರಸ್ತೆಯಲ್ಲಿ, ನಿಮ್ಮ ಬೀದಿಯ ಹಂಪ್ ದಾಟಿಸಿ, ನಲವತ್ತು ನಿಮಿಷ ಆ ಕಾರನ್ನು ಓಡಿಸಿ ನೋಡಿ. ಆ ಅವಕಾಶ ಕೊಡದ ಶೋರೂಂನಿಂದ ಎದ್ದು ಬನ್ನಿ.